ಅಡುಗೆಮನೆಯ ಅರಬ್ಬಿ

ದಿಬ್ಬೂರಹಳ್ಳಿ, ಶಿಡ್ಲಘಟ್ಟ ತಾಲ್ಲೂಕು
12 ಜೂನ್ 2024

ಕಲ್ತೂಮಮ್ಮನಿಗೆ,

ನೀನು ನನ್ನನ್ನು ನೋಡಿಲ್ಲ, ನಾನು ನಿನ್ನನ್ನು ನೋಡಿಲ್ಲ. ಆದರೆ ನಿನ್ನ ಮಗ ಇಸ್‌ಹಾಕ್ ನಮ್ಮ ಜಗಲಿಯ ಮೇಲೆ ಕೂತು ನನ್ನ ಕನ್ನಡವನ್ನು ನಿಮ್ಮ ಅರಬ್ಬಿಗೆ ತಿರುಗಿಸುತ್ತಿದ್ದಾನೆ. ನಾನು ಬರೆದ ಹಾಳೆಯ ಕೆಳಗೆ ಅವನು ಬರೆದು, ಫೋಟೊ ತೆಗೆದು ಕಳುಹಿಸುತ್ತಾನೆ. ನಿಮ್ಮ ದೇಶದ ಗಡಿ ದಾಟಿ ಬಂದು ನೀನಿರುವ ಚಾಡ್ ದೇಶದ ನಿರಾಶ್ರಿತರ ಶಿಬಿರದಲ್ಲಿ ಫೋನು ಸಿಗುವುದೇ ಅಪರೂಪವಂತೆ, ಸಿಕ್ಕರೂ ಅರ್ಧ ಮಾತು ಗಾಳಿಗೆ ಹೋಗುತ್ತದಂತೆ. ಕಾಗದವಾದರೆ ಎರಡು ಸಲ ಓದಬಹುದು.

ನಿನ್ನ ಮಗ ನನಗೆ ಸಿಕ್ಕಿದ್ದು ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ. ಓದಲು ಬಂದವನು ಕಾಲೇಜು ಬಿಟ್ಟದ್ದು ನಿನಗೆ ಗೊತ್ತೇ ಇದೆ. ಯುದ್ಧದಲ್ಲಿ ನಿಮ್ಮ ಊರು ಉರಿದ ಮೇಲೆ ಫೀಸು ಕಟ್ಟುವವರು ಯಾರು? ಕುಡುಮಲಕುಂಟೆಯ ಕಡೆ ಒಂದು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಜೊತೆಯವರಿಗೆ ಕೊಡುವುದರಲ್ಲಿ ಅರ್ಧ ಇವನಿಗೆ. ಯಾಕೆ ಸಾರ್ ಅಂತ ಕೇಳಿದ್ದಕ್ಕೆ ಮೇಸ್ತ್ರಿ ಗೇಟಿನಿಂದ ಆಚೆ ಹಾಕಿದ್ದ. ಇವನು ಬೆಂಚಿನ ಮೇಲೆ ಕೂತು ಫೋನಿನಲ್ಲಿ ನಿನ್ನ ಜೊತೆ ಮಾತಾಡುತ್ತಿದ್ದ. 'ತಿಂದೆ ಅಮ್ಮ, ತಿಂದೆ, ಹೊಟ್ಟೆ ತುಂಬ ತಿಂದೆ' ಅನ್ನುತ್ತಿದ್ದ. ನನಗೆ ಅರ್ಥವಾಯಿತು. ಕುವೈತಿನಲ್ಲಿ ವರ್ಷಗಟ್ಟಲೆ ಮನೆಗೆಲಸ ಮಾಡಿ ಬಂದವಳು ನಾನು. ನನಗೆ ಬರುವುದು ಅಡುಗೆಮನೆಯ ಅರಬ್ಬಿ. ತಿನ್ನು, ತೊಳೆ, ಬಾ, ಹೋಗು, ಬಟ್ಟೆ, ಅನ್ನ, ಮಗು, ನಾಚಿಕೆಯಿಲ್ಲವಾ. ಅಷ್ಟರಲ್ಲೇ ಸಂಸಾರ ನಡೆಸಿದ್ದೇನೆ. ಮುಖ ನೋಡಿದರೆ ಆ ಹುಡುಗ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ನಾನೂ ನಮ್ಮಮ್ಮನಿಗೆ ಇದೇ ಸುಳ್ಳನ್ನು ಎಷ್ಟೋ ಸಲ ಹೇಳಿದ್ದೆ.

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಇದ್ದರು. ನಾನು ಹೋಗಿ ಕೂತೆ. ದೊಡ್ಡತನವೇನೂ ಅಲ್ಲ, ಕಾಲು ನೋಯುತ್ತಿತ್ತು. 'ಬಾರಪ್ಪ, ನಮ್ಮೂರಲ್ಲಿ ಸೊಪ್ಪು ಕೊಯ್ಯೋ ಕೆಲ್ಸ ಐತೆ' ಅಂದೆ.

ನಾವು ರೇಷ್ಮೆ ಹುಳು ಸಾಕುವವರು. ಬೆಳಿಗ್ಗೆ ಮಂಜು ಇಳಿದಿರುವಾಗಲೇ ಇಸ್‌ಹಾಕ್ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಾನೆ. ಆ ಮಂಜಿನಲ್ಲಿ ಮನುಷ್ಯ ಕಾಣುವುದಿಲ್ಲ, ಸೊಪ್ಪಿನ ಹೊರೆಯೊಂದೇ ತೇಲಿಕೊಂಡು ಬರುತ್ತದೆ. ಹೊರೆಯನ್ನು ಹುಳು ಮನೆಯ ಬಾಗಿಲಲ್ಲಿ ಇಳಿಸುತ್ತಾನೆ. ಒಳಗೆ ಬಿಡುವುದಿಲ್ಲ, ಹೊರಗೇ ನಿಲ್ಲಿಸುತ್ತೇನೆ. ನಮ್ಮ ಬೀದಿಯವರು ಅವನನ್ನು ಇಸಾಕಪ್ಪ ಅನ್ನುತ್ತಾರೆ. ರಾಗಿ ಮುದ್ದೆ ಕಂಡರೆ ಪ್ರಾಣ ಬಿಡುತ್ತಾನೆ. ನೀನು ಮಾಡುವ ಅಸೀದಾ ಹೀಗೇ ಇರುತ್ತದಂತೆ, ಆದರೆ ನಿನ್ನದೇ ರುಚಿಯಂತೆ. ಅದನ್ನು ನನ್ನ ಮುಖಕ್ಕೇ ಹೇಳುತ್ತಾನೆ, ಭಂಡ.

ನಿನ್ನ ಮಗ ಕ್ಷೇಮ. ಈಗ ನಿಜವಾಗಿಯೂ ತಿಂದಿದ್ದಾನೆ.

ಗಂಗುಲಮ್ಮ

*

ಗಡಿ ಶಿಬಿರ, ಚಾಡ್
9 ಜುಲೈ 2024

ಗಂಗುಲಮ್ಮ, ನನ್ನ ತಂಗಿ,

ನಿನ್ನ ಪತ್ರವನ್ನು ಫೋನಿನ ಅಂಗಡಿಯಲ್ಲಿ ಓದಿದೆ. ಆಮೇಲೆ ನಮ್ಮ ಡೇರೆಯ ಹೆಂಗಸರಿಗೆ ಬಾಯಲ್ಲಿ ಹೇಳಿದೆ. ನಾನು ಮೊದಲು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವಳು. ಓದಿದ್ದನ್ನು ಮತ್ತೊಬ್ಬರಿಗೆ ಹೇಳದೆ ಇರಲಾಗುವುದಿಲ್ಲ.

ಇಲ್ಲಿ ಮಧ್ಯಾಹ್ನದ ಹೊತ್ತು ಗಾಳಿ ನಿಂತುಹೋಗುತ್ತದೆ. ಆಗ ಎಲ್ಲರೂ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತೇವೆ. ಮೊನ್ನೆ ಹಾಗೆ ಕೂತಿದ್ದಾಗ ನಿನ್ನ ಹುಳುಗಳು ಕಂಡವು. ಅವು ನಮ್ಮ ಡೇರೆಯ ಕಂಬ ಹತ್ತಿ, ಹರಿದ ಕಡೆಯೆಲ್ಲ ನೂಲು ಬಿಡುತ್ತಿದ್ದವು. ಬಿಸಿಲು ಒಳಗೆ ಬರುತ್ತಿತ್ತು, ಆದರೆ ಸುಡುತ್ತಿರಲಿಲ್ಲ. ಪಕ್ಕದವಳು ನೀರಿಗೆ ಕರೆದಾಗಲೂ ಸ್ವಲ್ಪ ಹೊತ್ತು ಏಳಲು ಮನಸ್ಸಾಗಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಮ್ಮ ಕಡೆ ಬಂದವನು ಮೊದಲು ಒಳಗೆ ಹೋಗುತ್ತಾನೆ, ಆಮೇಲೆ ಮನೆಯವರು. ನನ್ನ ಮಗನನ್ನು ನೀನು ಯಾಕೆ ಹೊರಗೆ ನಿಲ್ಲಿಸುತ್ತೀಯ? ಹುಳು ಒಳಗಿದೆ, ನನ್ನ ಮಗ ಬಾಗಿಲಲ್ಲಿದ್ದಾನೆ. ಅವನ ಬಣ್ಣ ನಿನ್ನ ಹುಳುವಿಗೆ ಆಗುವುದಿಲ್ಲವೇ? ಅವನು ಕೆಲಸ ಕಳೆದುಕೊಂಡು ಗೇಟಿನ ಹೊರಗೆ ನಿಂತದ್ದನ್ನು ಬರೆದವಳು ನೀನೇ. ಅದಕ್ಕೇ ಕೇಳಿದೆ.

ಮುದ್ದೆಯ ಜೊತೆ ಅವನಿಗೆ ಬೆಂಡೆಕಾಯಿಯ ಸಾರು ಇಷ್ಟ. ಒಣಗಿಸಿದ ಬೆಂಡೆ.

ಕಲ್ತೂಮ

*

ದಿಬ್ಬೂರಹಳ್ಳಿ
14 ಜುಲೈ 2024

ಕಲ್ತೂಮಮ್ಮ,

ನನಗೆ ಸಿಟ್ಟು ಬಂದಿದೆ. ಬರಬೇಡ ಅಂದರೆ ಅದು ಕೇಳುತ್ತದೆಯೇ? ಮೊದಲ ಸಿಟ್ಟು ನಿನ್ನ ಮಗನ ಮೇಲೆ. ನಿನ್ನ ಪತ್ರವನ್ನು ಓದಿ ಹೇಳುವಾಗ, 'ಬಾಗಿಲಲ್ಲಿ ನೆರಳಿದೆಯೇ ಎಂದು ಅಮ್ಮ ಕೇಳುತ್ತಿದ್ದಾರೆ' ಅಂದ. ಆದರೆ ಅವನು ಮೊದಲು ಮೆಲ್ಲಗೆ ಅರಬ್ಬಿಯಲ್ಲಿ ಓದಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಬಾಗಿಲು, ಹೊರಗೆ, ಮಗ. 'ಹೊರಗೆ' ಅನ್ನುವುದು ಕುವೈತಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ಕಲಿತ ಮಾತು. 'ಸರಿಯಾಗಿ ಓದಲೇ, ನಿಮ್ಮಮ್ಮ ಬೈದವ್ಳೆ ತಾನೆ?' ಅಂದೆ. ಕಿವಿ ಹಿಂಡಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಎರಡನೆಯ ಸಿಟ್ಟು ನಿನ್ನ ಮೇಲೆ. ಕೇಳು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದಿಲ್ಲ, ತಲೆಯೆತ್ತಿಕೊಂಡು ಮಂಕಾಗಿ ಕೂರುತ್ತದೆ. ಹುಳು ಜ್ವರಕ್ಕೆ ಹೋಯಿತು ಅನ್ನುತ್ತೇವೆ. ಹೊರಗಿನ ಕಾಲಿನ ಜೊತೆ ರೋಗ ಬಂದರೆ ಇಡೀ ಬೆಳೆ ಹೋಯಿತು. ಅದಕ್ಕೇ ಮನೆಯವರು ಕರೆಯದೆ ಹುಳು ಮನೆಯ ಹೊಸ್ತಿಲನ್ನು ಯಾರೂ ದಾಟುವುದಿಲ್ಲ. ವೋಟು ಕೇಳಲು ಬಂದವರನ್ನೂ ಅಂಗಳದಿಂದಲೇ ಕಳುಹಿಸಿದ್ದೇನೆ. ನನ್ನ ಸ್ವಂತ ಅಳಿಯ, ಚಿಂತಾಮಣಿಯಲ್ಲಿ ಮೇಷ್ಟ್ರು, ಬಾಗಿಲಾಚೆ ನಿಂತೇ ಕಾಫಿ ಕುಡಿಯುತ್ತಾನೆ. ಇದರಲ್ಲಿ ಬಣ್ಣದ ಮಾತೆಲ್ಲಿ ಬಂತು?

ಹೀಗೆ ಬರೆದು ಪೆನ್ನು ಕೆಳಗಿಟ್ಟೆ. ಆಮೇಲೆ ನನಗೇ ನಾಚಿಕೆಯಾಯಿತು. ನಾವು ಹೊಲೆಯರ ಬೀದಿಯವರು ಕಲ್ತೂಮಮ್ಮ. ಊರಿನ ದೊಡ್ಡ ಮನೆಗಳ ಬಾಗಿಲಲ್ಲಿ ನನ್ನಮ್ಮ ನಿಂತದ್ದು ಹುಳುವಿನ ಜ್ವರಕ್ಕಲ್ಲ. ಹೊರಗೆ ನಿಲ್ಲುವವನಿಗೆ ಕಾರಣ ಹೇಳಬೇಕು ಅನ್ನುವುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನಾನು ಹೇಳಿರಲಿಲ್ಲ.

ಇವತ್ತು ಸ್ನಾನ ಮಾಡಿಸಿ, ಕಾಲು ತೊಳೆಸಿ, ಒಳಗೆ ಕರೆದೆ. ಇನ್ನು ಅವನೂ ಹುಳು ಮನೆಯವನೇ. ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಾ ತಟ್ಟೆಗಳ ನಡುವೆ ಎಷ್ಟು ಹೊತ್ತು ನಿಂತನೋ. ನಿಮ್ಮ ಆಡುಗಳು ಒಣ ಹುಲ್ಲಿನಲ್ಲಿ ಮೇಯುವಾಗ ಹೀಗೇ ಕೇಳಿಸುತ್ತಿತ್ತಂತೆ. ಅಪ್ಪನನ್ನು ನೆನೆಸಿಕೊಂಡ.

ಊರಿನಲ್ಲಿ ಒಬ್ಬಿಬ್ಬರು ಕಣ್ಣು ಬಿಟ್ಟುಕೊಂಡು ನೋಡುತ್ತಾರೆ. ಎಷ್ಟು ದಿನ ನೋಡುತ್ತಾರೆ? ಕಣ್ಣು ನೋಯುವುದಿಲ್ಲವಾ?

ಗಂಗುಲಮ್ಮ

*

ಗಡಿ ಶಿಬಿರ, ಚಾಡ್
3 ಅಕ್ಟೋಬರ್ 2024

ತಂಗಿ ಗಂಗುಲ,

ಮಳೆಗೆ ದಾರಿ ಕೊಚ್ಚಿಹೋಗಿ ಫೋನಿನ ಅಂಗಡಿ ಮುಚ್ಚಿತ್ತು. ಅದಕ್ಕೆ ಇಷ್ಟು ತಡ. ನಿನ್ನ ಬೈಗುಳ ತಲುಪಿತು. ನನ್ನನ್ನು ಬೈಯುವವರು ಬಹಳ ಕಾಲದಿಂದ ಯಾರೂ ಇರಲಿಲ್ಲ, ಖುಷಿಯಾಯಿತು.

ಮಳೆ ನಿಂತ ಮೇಲೆ ಮರಳಿನ ಮೇಲೆ ಹಸಿರು ಬಂದಿದೆ, ಹೆಚ್ಚು ದಿನ ಇರುವುದಿಲ್ಲ. ಮಕ್ಕಳು ಅದರ ಮೇಲೆ ಮಲಗಿ ಹೊರಳುತ್ತಾರೆ. ಸಂಜೆ ನೋಡಿದರೆ ಕೆರೆಯಂತೆ ಕಾಣುತ್ತದೆ.

ಇಸ್‌ಹಾಕ್ ಪ್ರತಿ ಸಲ ಅಪ್ಪನ ಬಗ್ಗೆ ಕೇಳುತ್ತಾನೆ. ಅವರು ಗಡಿಯ ಆಚೆಗೇ ಇದ್ದಾರೆ. ಆಡುಗಳನ್ನೂ ಜೋಳದ ಹೊಲವನ್ನೂ ಬಿಟ್ಟು ಬರಲು ಮನಸ್ಸಿಲ್ಲ. ನಮ್ಮ ಮನೆಯ ಗೋಡೆಗೆ ಮತ್ತೆ ಮಣ್ಣು ಮೆತ್ತಿದ್ದಾರಂತೆ. ದಾರಿ ಸರಿಹೋದರೆ ಬರುತ್ತಾರೆ. ಅವನು ಚಿಂತಿಸುವುದು ಬೇಡ, ಕೆಲಸ ನೋಡಿಕೊಂಡಿರಲಿ.

ನೀನು ಒಬ್ಬಿಬ್ಬರು ನೋಡುತ್ತಾರೆ ಎಂದು ಬರೆದೆ. ನೋಡುವುದರಲ್ಲೇ ನಿಲ್ಲುತ್ತದೆಯೇ?

ಕಲ್ತೂಮ

*

ದಿಬ್ಬೂರಹಳ್ಳಿ
20 ಜನವರಿ 2025

ಕಲ್ತೂಮಮ್ಮ,

ಇವತ್ತು ನಾನು ಮಾತು. ಕಾಗದ ಇಲ್ಲ. ಫೋನಿನಲ್ಲಿ, ಬಾಯಲ್ಲಿ. ನನ್ನ ಅರಬ್ಬಿ.

ಇಸ್‌ಹಾಕ್ ಕೆಲಸ. ದೊಡ್ಡ ಕೆಲಸ. ದೂರ. ಬರೆಯುವುದು ಇಲ್ಲ.

ಇಸ್‌ಹಾಕ್ ತಿಂದ. ಅನ್ನ ತಿಂದ. ಹಾಲು ಕುಡಿದ. ಹೊಟ್ಟೆ ತುಂಬ ತಿಂದ. ಮಲಗಿದ.

ಬಟ್ಟೆ ತೊಳೆದೆ. ಹಾಸಿಗೆ ತೊಳೆದೆ. ಮನೆ ಶುದ್ಧ.

ನೀನು ತಿನ್ನು. ನೀನು ಮಲಗು.

ಎಲ್ಲ ಚೆನ್ನ. ಎಲ್ಲ ಚೆನ್ನ.

ಗಂಗುಲ

*

ಗಡಿ ಶಿಬಿರ, ಚಾಡ್
21 ಜನವರಿ 2025

ಗಂಗುಲ,

ನಾನೂ ಬಾಯಲ್ಲೇ ಹೇಳುತ್ತೇನೆ. ನಿನಗೆ ಗೊತ್ತಿರುವ ಮಾತುಗಳಲ್ಲಿ, ಮೆಲ್ಲಗೆ. ತಿಳಿಯದಿದ್ದರೆ ಮತ್ತೆ ಮತ್ತೆ ಕೇಳು.

ನಿನ್ನ ಮಾತಿನಲ್ಲಿ ನನ್ನ ಮಗ ಇಲ್ಲ. ಅವನಿದ್ದರೆ ನಿನ್ನನ್ನು ಹೀಗೆ ತಡವರಿಸಲು ಬಿಡುತ್ತಿರಲಿಲ್ಲ. ತಿಂದ, ತಿಂದ, ಹೊಟ್ಟೆ ತುಂಬ ತಿಂದ ಎಂದೆ. ಅದು ಸುಳ್ಳು ಹೇಳುವಾಗ ಆಡುವ ಮಾತು. ನನಗೆ ಅದನ್ನು ತಿಳಿಸಿದವಳು ನೀನೇ. ಅವನನ್ನು ಯಾರೋ ಕರೆದುಕೊಂಡು ಹೋಗಿದ್ದಾರೆ. ನಾನು ಅಳುತ್ತಿಲ್ಲ, ನೀನೂ ಅಳಬೇಡ, ಕೇಳು.

ಅವನು ನಮ್ಮ ನಡುವೆ ಕೂತು ಬರೆಯುತ್ತಿದ್ದ. ಅದಕ್ಕೇ ಒಂದು ಮಾತನ್ನು ನಿನಗೂ ಹೇಳಲಾಗಲಿಲ್ಲ. ಇವತ್ತು ಅವನಿಲ್ಲ.

ಅವನ ಅಪ್ಪ ಇಲ್ಲ. ಸತ್ತರು. ಊರು ಉರಿದ ದಿನವೇ, ನದಿಯ ಹತ್ತಿರ, ನನ್ನ ಕಣ್ಣ ಮುಂದೆ. ಮಣ್ಣು ಹಾಕಲೂ ಬಿಡಲಿಲ್ಲ. ಆಡು ಇಲ್ಲ. ಹೊಲ ಇಲ್ಲ. ಗೋಡೆ ಇಲ್ಲ. ನಾನು ಮಗನಿಗೆ ಗೋಡೆಗೆ ಮಣ್ಣು ಮೆತ್ತಿದ್ದಾರೆ ಎಂದೆ. ಹೇಳಿ ಹೇಳಿ ನನಗೇ ಆ ಗೋಡೆ ಕಾಣುತ್ತಿತ್ತು. ಹಸಿ ಮಣ್ಣಿನ ವಾಸನೆಯೂ ಬರುತ್ತಿತ್ತು.

ಈಗ ಯಾರಾದರೂ ಅವನಿಗೆ ನಿನ್ನ ದೇಶಕ್ಕೆ ಹೋಗು ಎಂದರೆ ಅವನು ಹೂಂ ಅನ್ನುತ್ತಾನೆ. ಅಪ್ಪ ಇದ್ದಾರೆ ಎಂದು ಹೋಗುತ್ತಾನೆ. ಹೋದರೆ ಕೊಲ್ಲುತ್ತಾರೆ. ನಮ್ಮ ಜನದ ಗಂಡುಮಕ್ಕಳನ್ನು ಅಲ್ಲಿ ಕುಲದ ಹೆಸರು ಕೇಳಿಯೇ ಕೊಲ್ಲುತ್ತಾರೆ.

ನೀನು ಹೇಳಬೇಕು. ಫೋನಿನಲ್ಲಿ ಬೇಡ. ಎದುರಿಗೆ ಕೂತು ಹೇಳು. ಮೊದಲು ಊಟ ಹಾಕು, ಆಮೇಲೆ ಹೇಳು.

ಕಲ್ತೂಮ

*

ದಿಬ್ಬೂರಹಳ್ಳಿ
6 ಫೆಬ್ರವರಿ 2025

ಕಲ್ತೂಮಕ್ಕ,

ಈ ಕಾಗದದ ಕೆಳಗೆ ಅಕ್ಷರ ಯಾರದೆಂದು ನೋಡು. ನಿನ್ನ ಮಗನದೇ. ಫೋನಿನಲ್ಲಿ ನೀವಿಬ್ಬರೂ ಮಾತಾಡಿದ್ದೀರಿ, ಆದರೆ ಅವನು ನಿನಗೆ ಏನು ಹೇಳಿದನೋ ನನಗೆ ನಂಬಿಕೆಯಿಲ್ಲ. ಎಲ್ಲವನ್ನೂ ತೆಳ್ಳಗೆ ಮಾಡಿ ಹೇಳುವ ಚಾಳಿ ಅವನದು. ಅದಕ್ಕೆ ನಾನು ಬರೆಯುತ್ತೇನೆ.

ಚಳಿಗಾಲದಲ್ಲಿ ಹುಳುವಿಗೆ ಸುಣ್ಣಕಟ್ಟು ಎಂಬ ರೋಗ ಬರುತ್ತದೆ. ಸತ್ತ ಹುಳು ಬೆಳ್ಳಗೆ ಸೆಟೆದು ಸೀಮೆಸುಣ್ಣದ ಕಡ್ಡಿಯಂತಾಗುತ್ತದೆ. ಮೇಲಿನ ಬೀದಿಯ ಚೆನ್ನರಾಯಪ್ಪನ ಬೆಳೆ ಹಾಗೆ ಪೂರ್ತಿ ಹೋಯಿತು. ಅದಕ್ಕೆ ಹಿಂದಿನ ವಾರ ಇಸ್‌ಹಾಕ್ ಅವರ ತೋಟದಿಂದ ಸೊಪ್ಪು ಹೊತ್ತು ಅವರ ಬಾಗಿಲಲ್ಲಿ ಇಳಿಸಿದ್ದ, ಅದೂ ಅವರೇ ಕರೆದದ್ದಕ್ಕೆ. 'ಆ ಕರಿಯನ ಕಾಲ್ಗುಣ' ಅಂತ ಚೆನ್ನರಾಯಪ್ಪ ಊರೆಲ್ಲ ಹೇಳಿಕೊಂಡು ಬಂದ. ವೀಸಾ ಮುಗಿದ ವಿದೇಶಿಯೊಬ್ಬ ಇಲ್ಲಿದ್ದಾನೆ ಎಂದು ಪೊಲೀಸರಿಗೂ ತಿಳಿಸಿದ. ಅವರು ಬಂದು ಕರೆದುಕೊಂಡು ಹೋದರು. ನಿರಾಶ್ರಿತ ಅಂತ ವಿಶ್ವಸಂಸ್ಥೆಯವರು ಕೊಟ್ಟ ಕಾರ್ಡನ್ನು ಅವನು ತೋರಿಸಿದರೆ, ಆಮೇಲೆ ನೋಡೋಣ ನಡಿ ಅಂದರು. ಜೀಪು ಹತ್ತುವಾಗ ನನಗೆ ಅವನು ಹೇಳಿದ ಮಾತೇನು ಗೊತ್ತೇ? 'ಅಮ್ಮ, ನಾಲ್ಕನೇ ಜ್ವರ ಬರ್ತೈತೆ, ಸೊಪ್ಪು ಕಮ್ಮಿ ಹಾಕು.'

ಅವತ್ತೇ ನಿನಗೆ ಹೇಳಬೇಕಿತ್ತು. ನನ್ನ ಹತ್ತಿರ ಅದಕ್ಕೆ ಮಾತಿರಲಿಲ್ಲ. ಅಡುಗೆಮನೆಯಲ್ಲಿ ಯಾರೂ ಜೀಪು ಅನ್ನುವುದಿಲ್ಲ, ಕಂಬಿ ಅನ್ನುವುದಿಲ್ಲ. ತಿಂದ ಅನ್ನುವುದೊಂದೇ ಬಾಯಿಗೆ ಬಂತು.

ಚಿಕ್ಕಬಳ್ಳಾಪುರದ ವಕೀಲ ನರಸಿಂಹಮೂರ್ತಿ ನಮ್ಮವನೇ, ಕಣಿವೆಯಾಚೆ ಹಳ್ಳಿಯ ಹುಡುಗ. ಅವನು ಓಡಾಡಿದ. 'ಸಾಯೋ ಜಾಗಕ್ಕೆ ಬಲವಂತವಾಗಿ ಕಳಿಸ್ಬಾರ್ದು ಅಂತ ನಾನು ಕೋರ್ಟಲ್ಲಿ ಹೇಳಬಲ್ಲೆ ಗಂಗುಲತ್ತೆ. ಆದ್ರೆ ನಾನಾಗೇ ಹೋಗ್ತೀನಿ ಅಂತ ಇವನೇ ಸೈನ್ ಹಾಕ್ಬಿಟ್ರೆ ನನ್ನ ಕೈ ಕಟ್ದಂಗೆ' ಅಂದ. ಇವನು ಹಾಕುತ್ತೇನೆ ಅಂದುಬಿಟ್ಟಿದ್ದ. ಅಪ್ಪ ಇದ್ದಾರೆ, ಹೊಲ ಇದೆ, ಗಂಗುಲಮ್ಮನಿಗೆ ನನ್ನಿಂದ ತೊಂದರೆ ಬೇಡ ಅನ್ನುತ್ತಿದ್ದ. ನೀನು ಹೇಳಿದ ಹಾಗೇ ಆಗಿತ್ತು ಅಕ್ಕ.

ಸೈನ್ ಹಾಕಿಸಲು ವಿದೇಶಿಯರ ಕಚೇರಿಯ ಸಾಹೇಬರು ಗೊತ್ತುಮಾಡಿದ ದಿನವೇ ನನ್ನ ಹುಳು ಹಣ್ಣಾಯಿತು. ಹಣ್ಣಾದ ಹುಳುವಿನ ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಬೆಳಕು ಆಚೆ ಕಾಣುತ್ತದೆ. ಆಗಿಂದಾಗಲೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಇಲ್ಲದಿದ್ದರೆ ಕಂಡಕಂಡಲ್ಲಿ ಕಟ್ಟಿ ಹಾಳಾಗುತ್ತದೆ. ಬೆಳೆ ನೋಡಲೋ, ನಿನ್ನ ಮಗನನ್ನು ನೋಡಲೋ? ಹಿತಕಬೇಳೆ ಸಾರು, ಮುದ್ದೆ ಕಟ್ಟಿಕೊಂಡು, ಹುಳು ಮನೆಯ ಬಾಗಿಲು ತೆಗೆದಿಟ್ಟೇ ಮೊದಲ ಬಸ್ಸು ಹತ್ತಿದೆ.

ಸ್ಟೇಷನ್ನಿನ ಜಗಲಿಯಲ್ಲಿ ಊಟಕ್ಕೆ ಕೂರಿಸಿದೆ. ಅರ್ಧ ತಿಂದ ಮೇಲೆ ಹೇಳಿದೆ. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ, ನೀನು ನನಗೆ ಹೇಳಿದ ಮಾತುಗಳಲ್ಲೇ ಹೇಳಿದೆ. ಅಪ್ಪ ಇಲ್ಲ. ಹೊಲ ಇಲ್ಲ. ಗೋಡೆ ಇಲ್ಲ. ಅವನು ತಲೆಯೆತ್ತಲಿಲ್ಲ. ಉಳಿದ ಮುದ್ದೆಯನ್ನು ತುತ್ತು ತುತ್ತಾಗಿ ನುಂಗಿ ಮುಗಿಸಿದ. ಕೈ ತೊಳೆದುಕೊಂಡು ಒಳಗೆ ಹೋದ. ಮೇಜಿನ ಮುಂದೆ ನಿಂತು, 'ಸೈನ್ ಹಾಕಲ್ಲ ಸಾರ್' ಅಂದ.

'ಕನ್ನಡ ಬರುತ್ತಾ ನಿಂಗೆ? ಎಲ್ಲಿ ಕಲ್ತೆ?' ಅಂದರು ಸಾಹೇಬರು.

'ನಮ್ಮೂರಲ್ಲಿ ಸಾರ್.'

'ಯಾವೂರಪ್ಪ ನಿಮ್ದು?'

'ದಿಬ್ಬೂರಹಳ್ಳಿ.'

ಜೊತೆಗೆ ಬಂದಿದ್ದ ನರಸಿಂಹಮೂರ್ತಿ ಮಾತು ಶುರುಮಾಡಿದ. ಸಾಯಂಕಾಲದ ಹೊತ್ತಿಗೆ ಬಿಟ್ಟರು. ಕೋರ್ಟು ಒಂದು ಮಾತು ಹೇಳುವವರೆಗೆ ಅವನು ಆಗಾಗ ಹೋಗಿ ಮುಖ ತೋರಿಸಿ ಬರಬೇಕು. ಪೂರ್ತಿ ಬಿಡುಗಡೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿಗೆ ಕಳಿಸುವುದು ನಿಂತಿದೆ.

ಹೊತ್ತು ಮುಳುಗುವಾಗ ಊರಿಗೆ ಬಂದೆವು. ದೂರದಿಂದಲೇ ನಮ್ಮ ಹುಳು ಮನೆಯ ಮುಂದೆ ಹೆಂಗಸರು ಸಾಲಾಗಿ ನಿಂತಿರುವುದು ಕಂಡಿತು. ಮುಂದೆ ಅಮ್ಮಾಜಮ್ಮ, ಆ ಚೆನ್ನರಾಯಪ್ಪನ ಹೆಂಡತಿ. ಮಧ್ಯಾಹ್ನದಿಂದ ನಿಂತಿದ್ದರಂತೆ. 'ಗಂಗುಲಮ್ಮ, ಹುಳು ಗೋಡೆ ಹತ್ತುತಾ ಅವೆ, ನೋಡಕ್ಕಾಗಲ್ಲ ತಾಯಿ. ನಮ್ದು ಹೋಯ್ತು, ನಿಂದಾದ್ರೂ ಉಳೀಲಿ ಅಂತ ಬಂದ್ವಿ. ಕರೆಯೋರಿಲ್ದೆ ಹೆಂಗ್ ಒಳಕ್ಕ್ ಹೋಗಣ?' ಅಂದಳು.

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೆಳೆ ಕಣ್ಣೆದುರೇ ಹಾಳಾಗುತ್ತಿದ್ದರೂ ಹೊಸ್ತಿಲು ದಾಟದೆ ನಿಂತಿದ್ದಾರೆ! ಅವರ ಮನೆಯವರು ನಮ್ಮ ಬೀದಿಯ ಹೊಸ್ತಿಲನ್ನು ಯಾವತ್ತೂ ದಾಟಿದವರಲ್ಲ. ನಿಂತದ್ದು ಹುಳುವಿನ ಕಟ್ಟಳೆಗೋ, ಅವರ ಹಳೆಯ ಕಟ್ಟಳೆಗೋ, ನಾನು ಕೇಳಲಿಲ್ಲ. ಅವಳ ಗಂಡ ಮಾಡಿದ್ದನ್ನು ನಾನು ಮರೆತಿರಲಿಲ್ಲ. ಬಾ ಅನ್ನುವ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.

ಇಸ್‌ಹಾಕ್ ಕಾಲು ತೊಳೆದುಕೊಂಡು ಒಳಗೆ ಹೋದ. ನಾನು ಬಾಗಿಲಿಂದ ನೋಡಿದೆ. ಹುಳು ಎಲ್ಲೆಲ್ಲೂ ಹತ್ತಿದ್ದವು. ತೊಲೆಯ ಸಂದಿನಲ್ಲಿ, ಬುಟ್ಟಿಯ ಅಂಚಿನಲ್ಲಿ, ಮೊಳೆಗೆ ಹಾಕಿದ್ದ ನನ್ನ ಹಳೆಯ ಸೀರೆಯ ಮಡಿಕೆಯಲ್ಲಿ ನೂಲು ಬಿಡುತ್ತಿದ್ದವು. ಕಿಟಕಿಯ ಬೆಳಕಿನಲ್ಲಿ ಎಳೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಹುಳು ಇನ್ನೂ ಜಾಗ ಸಿಗದೆ ತಲೆಯೆತ್ತಿ ಹುಡುಕುತ್ತಿದ್ದವು. ನೀನು ಡೇರೆಯಲ್ಲಿ ಕಣ್ಣು ತೆರೆದುಕೊಂಡು ಕಂಡದ್ದು ಇದನ್ನೇ ಇರಬೇಕು.

ಅವನು ತಿರುಗಿ ಹೊಸ್ತಿಲಿಗೆ ಬಂದ. 'ಬಾ ಅಮ್ಮಾಜಮ್ಮ, ಬನ್ನಿ ಎಲ್ರೂ, ಒಳಕ್ಕ್ ಬನ್ನಿ' ಅಂದ.

ಅವಳು ನನ್ನ ಮುಖ ನೋಡಲಿಲ್ಲ. ಕಾಲು ತೊಳೆದಳು, ಸೆರಗು ಸಿಕ್ಕಿಸಿದಳು, ದಾಟಿದಳು. 'ಯಾವ್ ತಟ್ಟೆ ಮೊದ್ಲು ಇಸಾಕಪ್ಪ?' ಅಂತ ಅವನನ್ನೇ ಕೇಳಿದಳು. ಅವನು ತೋರಿಸಿದ.

ಇಲ್ಲಿಗೆ ಬಂದಾಗ ನಿನ್ನ ಮಗ ಪೆನ್ನು ನಿಲ್ಲಿಸಿ, ಸಾಕಮ್ಮ, ಮುಂದಿನದು ಬೇಡ ಅನ್ನುತ್ತಿದ್ದಾನೆ. ಬರೆ ಅಂದೆ. ನಿನಗೆ ಗೊತ್ತಿರಬೇಕು.

ಕೊನೆಯ ಚಂದ್ರಿಕೆ ತುಂಬುವವರೆಗೂ ಅವನು ಹುಳು ಆಯ್ದ. ಆಮೇಲೆ ತಟ್ಟೆಗಳ ನಡುವೆ ಕುಕ್ಕರಿಸಿ ಕೂತು, ಅಪ್ಪನ ಹೆಸರು ಹಿಡಿದು ಅತ್ತ. ದೊಡ್ಡ ದನಿ ತೆಗೆದು ಅತ್ತ. ಹುಳು ಗೂಡು ಕಟ್ಟುವಾಗ ಹುಳು ಮನೆಯಲ್ಲಿ ಯಾರೂ ಕೆಮ್ಮುವುದೂ ಇಲ್ಲ ಅಕ್ಕ, ಮಕ್ಕಳು ಅತ್ತರೆ ಎತ್ತಿಕೊಂಡು ಆಚೆ ಹೋಗುತ್ತೇವೆ. ಅವತ್ತು ಅಷ್ಟು ಜನ ಹೆಂಗಸರು ಒಳಗಿದ್ದೆವು. ಒಬ್ಬರೂ ಅವನನ್ನು ಸುಮ್ಮನಿರು ಅನ್ನಲಿಲ್ಲ.

ಗಂಗುಲಮ್ಮ